ಇಲಿ ಜ್ವರ ಹುಡುಕಿದರೆ ಲ್ಯಾಬಿನ ಇಲಿ ಸಿಗುತ್ತದೆ

ಪ್ರಶ್ನೆ: ಮಂಗಳೂರಿನ ನರ್ಸಿಂಗ್ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಕಡೆಯ ಇಲಿ ಜ್ವರದ ಬಗ್ಗೆ ಪ್ರಾಜೆಕ್ಟ್ ಮಾಡುವ ಮಕ್ಕಳು, ವೈದ್ಯಕೀಯ ಲೇಖನಗಳನ್ನು ಹುಡುಕುವ ತಾಣವಾದ ಪಬ್‌ಮೆಡ್‌ನಲ್ಲಿ ‘ರ‍್ಯಾಟ್ ಫೀವರ್ ಮಂಗಳೂರು’ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಏನೂ ಸಿಗಲಿಲ್ಲ ಎಂದು ಎದ್ದು ಹೋಗುತ್ತಾರೆ. ಬೇರೆ ಸರ್ಚ್ ಸಾಫ್ಟ್‌ವೇರ್ ಕೊಳ್ಳಬೇಕಾ?
– ಓದುಗರು, ಮಂಗಳೂರು

ಉತ್ತರ: ಬೇಡ. ದುಡ್ಡು ಸುರಿದರೂ ಈ ತೊಂದರೆ ಹೋಗುವುದಿಲ್ಲ. ನಾವು ಆಡುವ ಮಾತು ಒಂದು, ಲೇಖನದಲ್ಲಿರುವ ಪದ ಇನ್ನೊಂದು. ತೊಂದರೆ ಇರುವುದು ಅಲ್ಲೇ.

ಒಮ್ಮೆ ನೀವೇ ‘ರ‍್ಯಾಟ್ ಫೀವರ್’ ಹುಡುಕಿ. ಆಮೇಲೆ ಅಡ್ವಾನ್ಸ್ಡ್ ಪುಟಕ್ಕೆ ಹೋಗಿ, ಹಿಸ್ಟರಿಯಲ್ಲಿ ಡೀಟೇಲ್ಸ್ ಕೆಳಗಿನ ಬಾಣದ ಗುರುತು ಒತ್ತಿ. ನಿಮ್ಮ ಮಾತನ್ನು ಪಬ್‌ಮೆಡ್ ಹೇಗೆ ತಿಳಿದುಕೊಂಡಿತು ಅನ್ನುವುದು ಅಲ್ಲಿ ಪೂರ್ತಿ ಕಾಣುತ್ತದೆ. ಇಲಿ ಬೇರೆ, ಜ್ವರ ಬೇರೆ ಎಂದು ಬಿಡಿಸಿಕೊಂಡರೆ ಲ್ಯಾಬಿನ ಇಲಿಗಳಿಗೆ ಜ್ವರ ಬರಿಸಿದ ಪ್ರಯೋಗಗಳೇ ಸಾಲಾಗಿ ಬರುತ್ತವೆ. ಇಲಿ ಕಚ್ಚಿ ಬರುವ ಜ್ವರವೂ ನಡುವೆ ನುಸುಳುತ್ತದೆ. ಅದು ಬೇರೆಯೇ ಕಾಯಿಲೆ. ಪಾಪ, ಮಕ್ಕಳದ್ದು ತಪ್ಪಲ್ಲ.

ಪಬ್‌ಮೆಡ್ ನಡೆಸುವ ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ ಲೇಖನಗಳಿಗೆ ವಿಷಯದ ಗುರುತಾಗಿ ಹಚ್ಚಲು 1960ರಿಂದ ‘ಮೆಶ್’ ಎಂಬ ಪದಪಟ್ಟಿ ಇಟ್ಟುಕೊಂಡಿದೆ. ಅದರಲ್ಲಿ ನಮ್ಮ ಇಲಿ ಜ್ವರದ ಹೆಸರು ಲೆಪ್ಟೊಸ್ಪೈರೋಸಿಸ್. ಆ ಪದ ಹಾಕಿದರೆ ಪಟ್ಟಿಯಲ್ಲಿ ಅದರ ಕೆಳಗಿರುವ ವೀಲ್ಸ್ ಕಾಯಿಲೆಯ (ಇದೇ ಜ್ವರದ ತೀವ್ರ ರೂಪ) ಲೇಖನಗಳೂ ಜೊತೆಗೇ ಬರುತ್ತವೆ. ಹೊಸ ಲೇಖನಕ್ಕೆ ಮೆಶ್ ಪದ ಇನ್ನೂ ಸೇರಿರದೇ ಇರಬಹುದು. ಹಾಗಾಗಿ ಅದೇ ಪದವನ್ನು ಶೀರ್ಷಿಕೆ, ಸಾರಾಂಶದಲ್ಲೂ ಹುಡುಕಿಸಿ.

ಇನ್ನು ಊರಿನ ಹೆಸರು. ನನ್ನ ಪ್ರಕಾರ ಜಾಸ್ತಿ ಲೇಖನ ಕೈತಪ್ಪುವುದು ಇಲ್ಲೇ. 2014ರ ನವೆಂಬರ್ 1ರವರೆಗೆ ಇಂಗ್ಲಿಷಿನಲ್ಲಿ ನಮ್ಮೂರು ಮ್ಯಾಂಗಲೋರ್ ಆಗಿತ್ತು, ಅಲ್ವಾ? ಬರೀ ‘ಮಂಗಳೂರು’ ಅಂದರೆ ಹಳೆಯ ಲೇಖನಗಳೆಲ್ಲ ಹೊರಗೆ ಉಳಿಯುತ್ತವೆ. ಉಡುಪಿ ಜಿಲ್ಲೆ ಆಗಿದ್ದೇ 1997ರಲ್ಲಿ. ಅದಕ್ಕೂ ಹಿಂದಿನ ಅಧ್ಯಯನಗಳು ದಕ್ಷಿಣ ಕನ್ನಡ ಅಥವಾ ಸೌತ್ ಕೆನರಾ ಹೆಸರಿನಲ್ಲಿರಬಹುದು. ಈ ಹೆಸರುಗಳನ್ನೆಲ್ಲ ನಡುನಡುವೆ ‘ಆರ್’ (OR, ಅಂದರೆ ‘ಅಥವಾ’) ಹಾಕಿ, ಒಂದೇ ಬ್ರಾಕೆಟ್ಟಿನೊಳಗೆ ಸೇರಿಸಿ. ‘ಆರ್’ ಮಾತ್ರ ಕ್ಯಾಪಿಟಲ್ ಅಕ್ಷರದಲ್ಲೇ ಇರಬೇಕು.

ಇಷ್ಟನ್ನೂ ಪ್ರತಿ ಹುಡುಗಿಯೂ ಹೊಸದಾಗಿ ಕಲಿಯಬೇಕೇ? ಬೇಡ. ನೀವು ಒಮ್ಮೆ ಚೆನ್ನಾಗಿ ಕಟ್ಟಿದ ಹುಡುಕಾಟದ ವಿಳಾಸವನ್ನು ಬ್ರೌಸರಿನಿಂದ ಕಾಪಿ ಮಾಡಿ, ಲೈಬ್ರರಿ ಪುಟದಲ್ಲಿ ‘ಇಲಿ ಜ್ವರ’ ಎಂಬ ಲಿಂಕ್ ಆಗಿ ಹಾಕಿ. ಒತ್ತಿದಾಗಲೆಲ್ಲ ಹೊಸ ಲೇಖನಗಳೂ ಸೇರಿಕೊಂಡೇ ತೆರೆಯುತ್ತದೆ. ಮಲೇರಿಯಾ, ಡೆಂಗಿ, ಮಂಗನ ಕಾಯಿಲೆಗೂ ಹೀಗೆಯೇ ಮಾಡಬಹುದು.

ಮುಂದೆ ಯಾವುದಕ್ಕೆ ಲಿಂಕ್ ಮಾಡಬೇಕು ಅಂತ ಸುಮ್ನೆ ಊಹಿಸಬೇಡಿ. ಕೌಂಟರಿನಲ್ಲಿ ಒಂದು ನೋಟ್‌ಬುಕ್ ಇಡಿ. ‘ಸಿಗಲಿಲ್ಲ’ ಎಂದು ಎದ್ದವರನ್ನು ಕೂರಿಸಿ, ಏನು ಟೈಪ್ ಮಾಡಿದಿರಿ ಅಂತ ಕೇಳಿ, ಅವರ ಮಾತಿನಲ್ಲೇ ಬರೆದುಕೊಳ್ಳಿ.