ಬೆಳೆದದ್ದು ಮೆಕ್ಕೆಜೋಳ, ಬರೆದದ್ದು ಚಕ್ರವ್ಯೂಹ

ಓದುಗರ ಪತ್ರ: ಸಂಪಾದಕರೇ, ನನ್ನ ಮಗಳು ಎಂಟನೇ ತರಗತಿ. ಇಂಗ್ಲಿಷಿನಲ್ಲಿ ನಮ್ಮ ಜಿಲ್ಲೆಯ ಬೆಳೆಗಳ ಬಗ್ಗೆ ಪ್ರಬಂಧ ಬರೆದಿದ್ದಳು. ಮೆಕ್ಕೆಜೋಳದ ‘ಮೇಜ್’ಗೆ ಒಂದು ಅಕ್ಷರ ಬಿಟ್ಟಿದ್ದಕ್ಕೆ ಅರ್ಧ ಅಂಕ ಹೋಯಿತು. ಅವಳು ಬರೆದದ್ದನ್ನೇ ಮೊಬೈಲಿನಲ್ಲಿ ಒತ್ತಿದರೆ ಅದು ತಪ್ಪು ಅನ್ನಲೇ ಇಲ್ಲ! ಉಚ್ಚಾರ ಒಂದೇ, ಅರ್ಥ ಬೇರೆ ಇರುವ ಇಂಥ ಪದಗಳು ಯಾಕಾದರೂ ಇವೆ? ಒಂದು ಪಟ್ಟಿ ಅಚ್ಚು ಹಾಕಿ, ಬಾಯಿಪಾಠ ಮಾಡಿಸುತ್ತೇನೆ. — ಒಬ್ಬ ಓದುಗರು, ದಾವಣಗೆರೆ

ಸಂಪಾದಕರ ಉತ್ತರ:

ಪಟ್ಟಿ ಹಾಕುವುದಿಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ಮೆಕ್ಕೆಜೋಳದ ವಿಚಾರ ಮುಗಿಸೋಣ.

ಎಂ-ಎ-ಝಡ್-ಇ ಅಂತ ಬರೆದರೆ ಒಳಗೆ ಹೋದವರು ದಾರಿ ಸಿಗದೆ ಸುತ್ತುವ ಜಾಗ. ಚಕ್ರವ್ಯೂಹ ಅನ್ನಿ. ನಡುವೆ ಒಂದು ಐ ಸೇರಿದರೆ ಮೆಕ್ಕೆಜೋಳ. ಅಂದರೆ ನಿಮ್ಮ ಮಗಳ ಪ್ರಕಾರ ನಮ್ಮ ರೈತರು ಚಕ್ರವ್ಯೂಹ ಬೆಳೆಯುತ್ತಾರೆ. ಎಪಿಎಂಸಿಯಲ್ಲಿ ರೇಟು ಕೇಳಿ ಬಂದವರು ಅದೂ ಸರಿಯೇ ಅಂದಾರು, ಇರಲಿ. ಮೊಬೈಲ್ ಸುಮ್ಮನಿದ್ದದ್ದು ಯಾಕೆ ಗೊತ್ತಾ? ಚಕ್ರವ್ಯೂಹವೂ ಸರಿಯಾದ ಪದವೇ. ಹೊಲದಲ್ಲಿ ಏನಿದೆ ಅಂತ ಅದಕ್ಕೇನು ಗೊತ್ತು?

ಈ ಎರಡು ಪದಗಳಿಗೆ ನೆಂಟಸ್ತನವೇ ಇಲ್ಲ. ಒಂದು ಇಂಗ್ಲಿಷಿನ ಹಳೆಯ ಪದ, ಬೆರಗು ಅನ್ನುವ ‘ಅಮೇಜ್’ ಅದರ ಮನೆಯದ್ದೇ. ಇನ್ನೊಂದು ಕೆರಿಬಿಯನ್ ದ್ವೀಪಗಳ ಟೈನೊ ಜನರ ಮಾತು. 1492ರಲ್ಲಿ ಕೊಲಂಬಸ್ ಅಲ್ಲಿ ಇಳಿದ ಮೇಲೆ ಸ್ಪ್ಯಾನಿಷರ ಬಾಯಿಗೆ ಬಂತು, ಅಲ್ಲಿಂದ ಇಂಗ್ಲಿಷಿಗೆ. ಬೆಳೆಯೂ ಹಡಗು ಹತ್ತಿತು, ಹೆಸರೂ ಹತ್ತಿತು.

ಆದರೆ ಎಲ್ಲ ಜೋಡಿಗಳೂ ಹೀಗೆ ದಾರಿಯಲ್ಲಿ ಡಿಕ್ಕಿ ಹೊಡೆದವಲ್ಲ. ಇಂಗ್ಲಿಷಿನಲ್ಲಿ ರಾತ್ರಿಗೂ ‘ನೈಟ್’, ಕುದುರೆ ಏರಿದ ವೀರನಿಗೂ ‘ನೈಟ್’. ವೀರನ ಮುಂದೆ ಒಂದು ಕೆ ಇದೆ. ಅದೇನು ಸುಮ್ನೆ ಕೂತದ್ದಲ್ಲ. 600 ವರ್ಷದ ಹಿಂದೆ ಇಂಗ್ಲಿಷರು ಆ ಕೆ ಅನ್ನು ಬಾಯಿಬಿಟ್ಟು ಹೇಳುತ್ತಿದ್ದರು. ನಡುವಿನ ಜಿ-ಎಚ್ ಕೂಡ ಗಂಟಲಿನಿಂದ ‘ಖ್’ ಅಂತ ಬರುತ್ತಿತ್ತು. ವೀರ ‘ಕ್ನಿಖ್ತ್’, ರಾತ್ರಿ ‘ನಿಖ್ತ್’. ಆಗ ಗೊಂದಲವೇ ಇರಲಿಲ್ಲ. ಮಾಂಸದ ‘ಮೀಟ್’ ಮತ್ತು ಭೇಟಿಯ ‘ಮೀಟ್’ ಕೂಡ ಆಗ ಬೇರೆ ಬೇರೆ ಸ್ವರ. ಸುಮಾರು 1400ರಿಂದ 1700ರ ಒಳಗೆ ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಜಾಗ ಬದಲಿಸಿದವು. ಅದೇ ಕಾಲಕ್ಕೆ, 1476ರಲ್ಲಿ, ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚುಕೂಟ ತೆರೆದ. ಅಚ್ಚಿನ ಮೊಳೆಗೆ ಸಿಕ್ಕ ಕಾಗುಣಿತ ನಿಧಾನಕ್ಕೆ ಗಟ್ಟಿಯಾಯಿತು. ಮಾತು ಬದಲಾಗುತ್ತಲೇ ಹೋಯಿತು. ನಿಮ್ಮ ಮಗಳಿಗೆ ಕಾಟ ಕೊಡುವ ಸದ್ದಿಲ್ಲದ ಅಕ್ಷರಗಳಲ್ಲಿ ಬಹಳಷ್ಟು ಆ ಕಾಲದಲ್ಲಿ ಉಳಿದುಕೊಂಡವು.

ನಾವೇನು ಕಡಿಮೆ? ಹಳಗನ್ನಡದಲ್ಲಿ ಹಾಲು ಕರೆಯುವ ‘ಕಱೆ’ಗೆ ಒತ್ತಿ ಹೇಳುವ ಱ ಇತ್ತು, ಕೂಗಿ ಕರೆಯುವ ‘ಕರೆ’ಗೆ ಮಾಮೂಲಿ ರ. ಬದುಕುವ ‘ಬಾೞ್’ ಬೇರೆ, ಕತ್ತಿಯ ‘ಬಾಳ್’ ಬೇರೆ. ಆ ಸದ್ದುಗಳು ನಾಲಿಗೆಯಿಂದ ಜಾರಿದ ಮೇಲೆ ನಾವು ಅಕ್ಷರಗಳನ್ನೂ ಕೈಬಿಟ್ಟೆವು. ಇಂಗ್ಲಿಷರು ಇಟ್ಟುಕೊಂಡರು, ಅಷ್ಟೇ ವ್ಯತ್ಯಾಸ. ಹಾಗಂತ ನಾವು ಎಡವುತ್ತೇವಾ? ಮಂಡಿಪೇಟೆ ಸುತ್ತಿ ಮಂಡಿ ನೋವು ಬಂತು ಅಂದರೆ ಯಾರೂ ತಲೆ ಕೆರೆದುಕೊಳ್ಳುವುದಿಲ್ಲ. ಹರಿಹರದಲ್ಲಿ ಹರಿ ನಿಂತಿದ್ದಾನೆ, ಪಕ್ಕದಲ್ಲಿ ತುಂಗಭದ್ರೆ ಹರಿಯುತ್ತಾಳೆ, ಬಸ್ಸಿನ ಮೊಳೆಗೆ ಸಿಕ್ಕಿ ಅಂಗಿ ಹರಿಯುತ್ತದೆ. ಎಲ್ಲ ಅರ್ಥವಾಗುತ್ತದೆ, ಯಾಕೆಂದರೆ ಪದ ಯಾವತ್ತೂ ಒಂಟಿಯಾಗಿ ಬರುವುದಿಲ್ಲ.

ಹಿಟ್ಟಿನ ಕಥೆ ನನಗೆ ಎಲ್ಲಕ್ಕಿಂತ ಇಷ್ಟ. ಇಂಗ್ಲಿಷಿನಲ್ಲಿ ಹೂವು ಮತ್ತು ಹಿಟ್ಟು ಎರಡೂ ಮೊದಲು ಒಂದೇ ಪದ. ಬೀಸಿದ ಗೋಧಿಯಲ್ಲಿ ನುಣುಪಾದ, ಶ್ರೇಷ್ಠ ಭಾಗ ಅದರ ‘ಹೂವು’. 1755ರಲ್ಲಿ ಬಂದ ಸ್ಯಾಮ್ಯುಯಲ್ ಜಾನ್ಸನ್ನನ ನಿಘಂಟು ಕೂಡ ಅವೆರಡನ್ನೂ ಬೇರೆ ಮಾಡಿರಲಿಲ್ಲ. ಈಗ ಕಾಗುಣಿತ ಬೇರೆ, ಸದ್ದು ಒಂದೇ: ‘ಫ್ಲವರ್’. ನಮ್ಮೂರಲ್ಲಿ ಆ ಸದ್ದೂ ಇಲ್ಲ. ನಾವು ಹೇಳುವುದು ‘ಫ್ಲೋರ್ ಮಿಲ್’. ಅಂದರೆ ನೆಲ ಬೀಸುವ ಗಿರಣಿ!

ಇಲ್ಲೇ ಇರುವುದು ಪಟ್ಟಿಯ ಮೊದಲ ತೊಂದರೆ. ಇಂಗ್ಲೆಂಡಿನಲ್ಲಿ ಮಾಡಿದ ಪಟ್ಟಿಯಲ್ಲಿ ನಮ್ಮ ಬಾಯಿಯ ಜೋಡಿಗಳು ಇರುವುದಿಲ್ಲ. ಪಶ್ಚಿಮದ ‘ವೆಸ್ಟ್’, ಒಳಗೆ ಹಾಕುವ ಬನಿಯನ್ನಿನ ‘ವೆಸ್ಟ್’ ನಮಗೆ ಒಂದೇ. ಅವರು ಮೊದಲನೆಯದಕ್ಕೆ ತುಟಿ ಗುಂಡಗೆ ಮಾಡುತ್ತಾರೆ, ಎರಡನೆಯದಕ್ಕೆ ಹಲ್ಲು ತುಟಿಗೆ ತಾಗಿಸುತ್ತಾರೆ. ನಮಗೆ ಇರುವುದು ಒಂದೇ ವ. ಬೆಲೆಯ ‘ಪ್ರೈಸ್’ ಮತ್ತು ಬಹುಮಾನದ್ದು ಅವರ ಬಾಯಲ್ಲಿ ಬೇರೆ, ನಮ್ಮಲ್ಲಿ ಎರಡೂ ಪ್ರೈಸೇ. ನಮ್ಮ ಹಳ್ಳಿಗಳಲ್ಲಿ ಕುಡಿಯುವುದೂ ಕಾಪಿ, ಪರೀಕ್ಷೆಯಲ್ಲಿ ಹೊಡೆಯುವುದೂ ಕಾಪಿ.

ಎರಡನೇ ತೊಂದರೆ ಇನ್ನೂ ದೊಡ್ಡದು. ಅಕ್ಕಪಕ್ಕ ಇಟ್ಟು ಕಲಿಸಿದರೆ ಮಗುವಿಗೆ ‘ಇಲ್ಲೊಂದು ಗೊಂದಲ ಇದೆ’ ಅನ್ನುವುದು ಮಾತ್ರ ನೆನಪಿರುತ್ತದೆ. ಯಾವುದು ಯಾವುದು ಅನ್ನುವುದು ಮರೆತುಹೋಗುತ್ತದೆ. ರಜೆ ಅರ್ಜಿಯಲ್ಲಿ ‘ಪ್ರಿನ್ಸಿಪಲ್’ ಕೊನೆಗೆ ಎ-ಎಲ್ ಬದಲು ಎಲ್-ಇ ಬರೆದು ಪ್ರಿನ್ಸಿಪಾಲರನ್ನು ‘ತತ್ವ’ ಮಾಡುವ ಮಕ್ಕಳೆಲ್ಲ ಈ ಜೋಡಿಯನ್ನು ಬಾಯಿಪಾಠ ಮಾಡಿದವರೇ. ಅದಕ್ಕೇ ಒಂದು ಪದ ಗಟ್ಟಿಯಾಗುವ ತನಕ ಇನ್ನೊಂದನ್ನು ಎತ್ತಬೇಡಿ. ಬಿಡಿ ಪದ ಬರೆಸಬೇಡಿ, ಇಡೀ ವಾಕ್ಯ ಬರೆಸಿ. ಹೊಲ, ತೆನೆ, ಚೀಲದ ಜೊತೆ ಬಂದ ಮೇಜ್‌ಗೆ ಐ ತಾನಾಗಿ ಅಂಟಿಕೊಳ್ಳುತ್ತದೆ.

ಕೆಲವು ಪದಗಳಿಗೆ ಅವುಗಳ ಮನೆಯವರನ್ನೇ ತೋರಿಸಬಹುದು. ಇಲ್ಲಿ, ಅಲ್ಲಿ, ಎಲ್ಲಿ ಅನ್ನುವ ‘ಹಿಯರ್’, ‘ದೇರ್’, ‘ವೇರ್’ ಮೂರರಲ್ಲೂ ಎಚ್-ಇ-ಆರ್-ಇ ಇದೆ. ಕೇಳುವ ‘ಹಿಯರ್’ ಒಳಗೆ ಇ-ಎ-ಆರ್ ಇದೆ, ಅಂದರೆ ಕಿವಿ. ‘ಅವರ’ ಅನ್ನುವ ‘ದೇರ್’ನಲ್ಲಿ ‘ದೇ’ ಇದೆ, ವೈ ಹೋಗಿ ಐ ಬಂದಿದೆ. ಅಂಗಡಿ ಬೋರ್ಡಿನ ‘ಸ್ಟೇಷನರಿ’ಗೆ ಕೊನೆಯಲ್ಲಿ ಇ-ಆರ್-ವೈ, ಯಾಕೆಂದರೆ ಅದನ್ನು ಮಾರುವವನು ಸ್ಟೇಷನರ್. ಎ ಹಾಕಿದರೆ ನಿಂತಲ್ಲೇ ನಿಂತದ್ದು ಅಂತ ಅರ್ಥ. ನಮ್ಮ ಪೇಟೆಯ ಎಷ್ಟೋ ಬೋರ್ಡುಗಳಲ್ಲಿ ಎ ಇದೆ.

ಮಗಳಿಗೆ ಆಟವೇ ಬೇಕಾದರೆ ಹೈವೇ ಕಡೆ ಹೋದಾಗ ಲಾರಿಗಳ ಬೆನ್ನು ಓದಿಸಿ. ‘ಏರ್ ಬ್ರೇಕ್’ ಅಂತ ಬರೆದಿರುತ್ತಾರೆ. ಕೊನೆಗೆ ಎ-ಕೆ-ಇ ಇದ್ದರೆ ಲಾರಿ ನಿಲ್ಲಿಸುವ ಬ್ರೇಕು. ಇ-ಎ-ಕೆ ಇದ್ದರೆ ಮುರಿಯುವುದು. ಎರಡನೆಯದು ಕಂಡರೆ ಗಾಡಿ ಸ್ವಲ್ಪ ಹಿಂದೇ ಇರಲಿ.