ಹಿಂದಿನ ಲೈಟ್ ನೋಡಿದರೆ ವರ್ಷ ಗೊತ್ತಾಗುತ್ತೆ

ಸರ್, ಹೋದ ತಿಂಗಳು ಊರಲ್ಲೇ ಒಬ್ಬರ ಹತ್ತಿರ ಡಾಡ್ಜ್ ಚಾರ್ಜರ್ ಅನ್ನೋ ಅಮೆರಿಕನ್ ಕಾರಿನ ಪುಟ್ಟ ಮಾಡೆಲ್ ಸೆಕೆಂಡ್ ಹ್ಯಾಂಡ್ ತಗೊಂಡೆ, 1:18 ಅಳತೆಯದು, ಅಂದರೆ ನಿಜವಾದ ಕಾರಿನ ಹದಿನೆಂಟನೇ ಒಂದು ಪಾಲು. ಡಬ್ಬಿ ಇಲ್ಲ. 1969ರದು, ಹೆಮಿ ಅನ್ನೋ ಎಂಜಿನ್ ಇರೋದು ಅಂತ ಹೇಳಿ ಕೊಟ್ಟರು. ಗೆಳೆಯ ನೋಡಿ, ಇದು 69 ಅಲ್ಲವೇ ಅಲ್ಲ ಅಂತಿದ್ದಾನೆ. ಯಾರನ್ನ ನಂಬೋದು?
— ವಿದ್ಯಾನಗರ, ಹುಬ್ಬಳ್ಳಿ

ಇಬ್ಬರನ್ನೂ ಬಿಡಿ, ಕಾರನ್ನೇ ಕೇಳಿ. ಮೊದಲು ಹಿಂದೆ ತಿರುಗಿಸಿ. ಗುಂಡಗಿನ ನಾಲ್ಕು ಲೈಟ್ ಇದ್ದರೆ ಅದು 1968. ಎಡಕ್ಕೊಂದು ಬಲಕ್ಕೊಂದು ಉದ್ದ ಪಟ್ಟಿ ಇದ್ದರೆ 1969 ಇಲ್ಲವೇ 1970. ಈಗ ಮುಂದೆ ಬನ್ನಿ. 69ರ ಗ್ರಿಲ್ ಮಧ್ಯದಲ್ಲಿ ಒಂದು ಪಟ್ಟಿ ಬಂದು ಅದನ್ನ ಎರಡು ಭಾಗ ಮಾಡುತ್ತೆ, 68ರಲ್ಲಿ ಅದಿಲ್ಲ. 70ರಲ್ಲಿ ಆ ಪಟ್ಟಿ ಮತ್ತೆ ಹೋಯಿತು, ಗ್ರಿಲ್ ಸುತ್ತ ಕ್ರೋಮ್ ಬಂಪರ್ ಬಳೆ ಹಾಕಿದ ಹಾಗೆ ಬಂತು. ಇನ್ನೂ ಅನುಮಾನ ಇದ್ದರೆ ಫೆಂಡರ್ ಪಕ್ಕದ ಪುಟಾಣಿ ಲೈಟ್ ನೋಡಿ: 68ರಲ್ಲಿ ಗುಂಡು, 69ರಲ್ಲಿ ಚೌಕಾಕಾರ.

ಹೆಮಿ ಹೌದೋ ಅಲ್ಲವೋ ಅನ್ನೋದು ಬಾನೆಟ್ ಎತ್ತಿದರೆ ಗೊತ್ತಾಗುತ್ತೆ. ಚಾರ್ಜರಿನ ಜೋರಿನ ಮಾದರಿ ಆರ್/ಟಿ ಜೊತೆಗೆ ಕಂಪನಿ ಕೊಡುತ್ತಿದ್ದದ್ದು 440 ಮ್ಯಾಗ್ನಮ್ ಎಂಜಿನ್, 375 ಹಾರ್ಸ್‌ಪವರ್. 425 ಹಾರ್ಸ್‌ಪವರಿನ 426 ಹೆಮಿ ಬೇಕು ಅಂದವರು ಮೇಲೆ ದುಡ್ಡು ಕೊಡಬೇಕಿತ್ತು. ಎಂಜಿನ್ನಿನ ಎರಡೂ ಕಡೆ ಅಗಲವಾದ ಕಪ್ಪು ಮುಚ್ಚಳ ಇದ್ದು, ಸ್ಪಾರ್ಕ್ ಪ್ಲಗ್ ವೈರ್‌ಗಳು ಆ ಮುಚ್ಚಳದ ನಟ್ಟನಡುವೆ ಒಳಗೆ ಇಳಿದಿದ್ದರೆ ಹೆಮಿ. ವೈರ್ ಮುಚ್ಚಳ ದಾಟಿ ಪಕ್ಕಕ್ಕೆ ಕೆಳಗೆ ಹೋಗಿದ್ದರೆ 440. ವೈರೇ ಇಲ್ಲ, ಇಡೀ ಎಂಜಿನ್ ಒಂದೇ ಪ್ಲಾಸ್ಟಿಕ್ ತುಂಡು ಅಂತಿದ್ದರೆ ನಿಮ್ಮ ಹತ್ತಿರ ಇರೋದು ಅಗ್ಗದ ಮಾಡೆಲ್, ಹೆಮಿ ಅಂತ ಹೇಳಿ ಜಾಸ್ತಿ ದುಡ್ಡು ಕಿತ್ತಿದ್ದರೆ ಹೋಗಿ ಜಗಳ ಮಾಡಿ, ಪರವಾಗಿಲ್ಲ. ತಳದಲ್ಲೂ ಒಮ್ಮೆ ನೋಡಿ, ತಯಾರಕರ ಹೆಸರು, ಅಳತೆ, ಎಷ್ಟೋ ಸಲ ಕಾರಿನ ವರ್ಷವೂ ಅಲ್ಲೇ ಅಚ್ಚಾಗಿರುತ್ತೆ.

ಅದು 68 ಅಂತಲೇ ಆದರೂ ಬೇಜಾರಾಗಬೇಡಿ. ನನ್ನ ಕಣ್ಣಿಗೆ ಆ ಗುಂಡು ಲೈಟೇ ಚಂದ.

ಮಾಡೆಲ್ ಒಂದರ ಬಾಗಿಲ ಅಂಚಿನಲ್ಲಿ ಪೇಂಟ್ ಗುಳ್ಳೆ ಎದ್ದಿದೆ, ಪಕ್ಕದಲ್ಲೇ ಕೂದಲೆಳೆಯಷ್ಟು ಬಿರುಕು. ಇನ್ನೊಂದರ ಟೈರು ಸ್ಟ್ಯಾಂಡಿಗೆ ಅಂಟಿಕೊಂಡಿದೆ. ನಮ್ಮೂರ ಮಳೆಯ ತಂಪಿಗೆ ಹೀಗಾಗುತ್ತಾ?
— ಸಪ್ತಾಪುರ, ಧಾರವಾಡ

ಎರಡೂ ಬೇರೆ ಬೇರೆ ರೋಗ. ಈ ಮಾಡೆಲ್‌ಗಳ ಮೈ ಡೈಕಾಸ್ಟ್, ಅಂದರೆ ಅಚ್ಚಿಗೆ ಹೊಯ್ದ ಲೋಹ; ಅದು ಕಬ್ಬಿಣ ಅಲ್ಲ, ಹೆಚ್ಚಿನ ಪಾಲು ಸತು, ಜೊತೆಗೆ ನೂರಕ್ಕೆ ನಾಲ್ಕರಷ್ಟು ಅಲ್ಯೂಮಿನಿಯಂ. ಎರಕ ಹೊಯ್ಯುವಾಗ ಸ್ವಲ್ಪ ಸೀಸ ಸೇರಿಕೊಂಡರೂ ಸಾಕು, ವರ್ಷಗಳ ಮೇಲೆ ಲೋಹ ಒಳಗಿಂದಲೇ ಉಬ್ಬಿ ಬಿರುಕು ಬಿಡುತ್ತೆ. ಇದಕ್ಕೆ ಜಿಂಕ್ ಪೆಸ್ಟ್ ಅಂತಾರೆ. ತಪ್ಪು ಕಾರ್ಖಾನೆಯದು, ಧಾರವಾಡದ ಮಳೆ ಅದನ್ನ ಬೇಗ ಮಾಡುತ್ತೆ ಅಷ್ಟೇ. ರಿಪೇರಿ ಇಲ್ಲ. ಪಕ್ಕದ ಕಾರಿಗೆ ಅಂಟುವುದೂ ಇಲ್ಲ, ಆ ಭಯ ಬೇಡ. ಕಪಾಟನ್ನು ತೇವ ಹಿಡಿಯೋ ಗೋಡೆಯಿಂದ ದೂರ ಸರಿಸಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ, ಮಳೆಗಾಲ ಮುಗಿಯೋವರೆಗೂ ಆಗಾಗ ಬದಲಿಸುತ್ತಿರಿ.

ಟೈರಿನದು ಪಿವಿಸಿ ಅನ್ನೋ ಪ್ಲಾಸ್ಟಿಕ್ಕಿನ ಕಥೆ. ಅದನ್ನ ಮೆತ್ತಗಿಡಲು ಹಾಕಿದ ಎಣ್ಣೆಯಂಥ ಪದಾರ್ಥ ನಿಧಾನಕ್ಕೆ ಹೊರಬಂದು ಸ್ಟ್ಯಾಂಡಿನ ಪ್ಲಾಸ್ಟಿಕನ್ನೇ ಕರಗಿಸುತ್ತೆ. ಕಾರಿನ ಹೊಟ್ಟೆಯ ಕೆಳಗೆ ಚಿಕ್ಕ ಕಟ್ಟಿಗೆ ತುಂಡು ಇಟ್ಟು ಚಕ್ರ ನೆಲಕ್ಕೆ ತಾಗದ ಹಾಗೆ ಎತ್ತಿಡಿ, ಮುಗೀತು.

ಡಬ್ಬಿ ತೆಗೆಯದೆ ಇಟ್ಟರೆ ಮುಂದೆ ಒಳ್ಳೆ ರೇಟ್ ಬರುತ್ತಂತೆ. ಮನೆಯವರು ಆ ದುಡ್ಡಿಗೆ ಬಂಗಾರ ತಗೋಬಹುದಿತ್ತು ಅಂತಾರೆ.
— ಹಾವೇರಿ

ಮನೆಯವರು ಹೇಳಿದ್ದೇ ಸರಿ. 1968ರಲ್ಲಿ ಹಾಟ್ ವೀಲ್ಸ್ ಆಟಿಕೆ ಕಾರು ಮೊದಲ ಸಲ ಬಂದಾಗ ಬಿಟ್ಟದ್ದು 16 ಕಾರು. ಮಕ್ಕಳು ಅವನ್ನ ನೆಲಕ್ಕೆ ಉಜ್ಜಿ, ಗುದ್ದಿಸಿ, ಕಳೆದುಹಾಕಿದರು, ಅದಕ್ಕೇ ಚೆನ್ನಾಗಿ ಉಳಿದವಕ್ಕೆ ಇವತ್ತು ಬೆಲೆ. ಈಗ ನಿಮ್ಮ ಹಾಗೆ ಎಲ್ಲರೂ ಸೀಲ್ ಒಡೆಯದೆ ಎತ್ತಿಡುತ್ತಿದ್ದಾರೆ, ಅಂದ ಮೇಲೆ ಸಿಗದೇ ಹೋಗೋದು ಎಲ್ಲಿಂದ? ಡಬ್ಬಿ ತೆಗೀರಿ, ನೋಡಿ ಖುಷಿಪಡಿ.

ಚಿಕ್ಕ ಮನೆ, ಚಿಕ್ಕ ಸಂಬಳ. ಮಸಲ್ ಕಾರ್, ಅಂದರೆ ದೊಡ್ಡ ಎಂಜಿನ್ನಿನ ಹಳೇ ಅಮೆರಿಕನ್ ಕಾರುಗಳ ಮಾಡೆಲ್ ಸಂಗ್ರಹ ಶುರು ಮಾಡಬೇಕು. 1:18 ತಗೊಳ್ಳಲಾ, 1:64 ತಗೊಳ್ಳಲಾ?
— ಬೆಟಗೇರಿ, ಗದಗ

ಜಾಗದ ಲೆಕ್ಕ ಹಾಕಿ. ನಿಜವಾದ ಚಾರ್ಜರ್ ಸುಮಾರು 5.28 ಮೀಟರ್ ಉದ್ದ. 1:18ರಲ್ಲಿ ಅದು 29 ಸೆಂಟಿಮೀಟರ್, 1:64ರಲ್ಲಿ 8ರ ಸುಮಾರು. ಆದರೆ ಮೇಲೆ ಹೇಳಿದ ವೈರು, ಮುಚ್ಚಳ ಇವೆಲ್ಲ 1:64ರಲ್ಲಿ ಕಾಣೋದಿಲ್ಲ. ಹಾಗಾಗಿ ನನ್ನ ಮಾತು ಕೇಳೋದಾದರೆ 1:18ರದ್ದೇ ತಗೊಳ್ಳಿ, ಕಡಿಮೆ ತಗೊಳ್ಳಿ. ಒಂದು ಗೆರೆ ಹಾಕಿಕೊಳ್ಳಿ: ಬರೀ 1970ರ ಕಾರು ಅಂತ. ಶೆವೆಲ್ ಎಸ್‌ಎಸ್ 454, ಪ್ಲೈಮೌತ್ ಹೆಮಿ ಕುಡಾ, ಬೆನ್ನ ಮೇಲೆ ದೊಡ್ಡ ರೆಕ್ಕೆ ಹೊತ್ತ ಸೂಪರ್‌ಬರ್ಡ್, ಎಲ್ಲ ಆ ವರ್ಷ ಬಂದವು. 1964ರ ಪಾಂಟಿಯಾಕ್ ಜಿಟಿಒದಿಂದ ಜೋರಾದ ಹುಚ್ಚು ಆಗ ತುದಿ ಮುಟ್ಟಿತ್ತು. ಮುಂದೆ ಹೊಗೆ ನಿಯಮ, ಇನ್ಶೂರೆನ್ಸ್ ಖರ್ಚು, 1973ರ ತೈಲ ಬಿಕ್ಕಟ್ಟು ಎಲ್ಲ ಸೇರಿ ಇಳಿಸಿಬಿಟ್ಟವು.

ಕೈ ಬಿಗಿ ಇದ್ದರೆ ಮೈಸ್ಟೊ ಕಂಪನಿಯ ಮಾಡೆಲ್‌ನಿಂದ ಶುರು ಮಾಡಿ, ಆಮೇಲೆ ಆಟೋ ವರ್ಲ್ಡ್ ಕಂಪನಿಯದು. ಸೆಕೆಂಡ್ ಹ್ಯಾಂಡ್ ಆದರೆ ದುಡ್ಡು ಕಳಿಸುವ ಮೊದಲು ಬಾನೆಟ್ ತೆಗೆದ ಫೋಟೋ, ತಳದ ಫೋಟೋ ಎರಡೂ ಕೇಳಿ. ಸೈಡ್ ಕನ್ನಡಿ, ವೈಪರ್ ಮೊದಲು ಮುರಿಯೋವು, ಅವನ್ನ ಹತ್ತಿರದಿಂದ ತೆಗೆಸಿಕೊಳ್ಳಿ.