ಡಬ್ಬದ ಲೆಕ್ಕ ಬೇರೆ, ಇಮೇಲ್ ಲೆಕ್ಕ ಬೇರೆ

ತೀರ್ಥಹಳ್ಳಿ ಕಡೆಯ ಸಹಕಾರ ಸಂಘವೊಂದರಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುವ ಓದುಗರು ಬರೆದಿದ್ದಾರೆ. (ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ವಿಷಯವೇ ಅದಾದ್ದರಿಂದ ಹಾಕುವ ಮಾತೇ ಇಲ್ಲ.) ಸಂಘ 40 ಮಂದಿಗೆ ಮೈಕ್ರೋಸಾಫ್ಟ್ 365 (ಮೇಲ್, ಮೀಟಿಂಗ್, ಫೈಲ್ ಎಲ್ಲ ಸೇರಿದ ಕಚೇರಿ ತಂತ್ರಾಂಶ) ಲೈಸೆನ್ಸ್ ಕೊಂಡಿದೆ. ಹೊಸ ಕಾರ್ಯದರ್ಶಿಗಳು ಬಳಕೆಯ ವರದಿ ತೆಗೆಸಿದರೆ, ಹೆಸರಿರಬೇಕಾದಲ್ಲಿ ಉದ್ದುದ್ದ ಅಕ್ಷರ, ಅಂಕಿಗಳ ಸರಮಾಲೆ. "ಇದೇನ್ರೀ ಮಂತ್ರ? ಯಾರು ಕೆಲಸ ಮಾಡ್ತಾರೆ, ಯಾರು ಮಾಡಲ್ಲ ಅಂತ ಹೆಸರು ಸಮೇತ ಸೋಮವಾರ ನನ್ನ ಟೇಬಲ್ ಮೇಲಿರಬೇಕು" ಎಂದರಂತೆ. ಸೆಟ್ಟಿಂಗ್ಸ್‌ನಲ್ಲಿ ಹೆಸರು ಮುಚ್ಚಿಡುವ ಒಂದು ಟಿಕ್ ತೆಗೆದರೆ ಹೆಸರು ಬರುತ್ತದೆಂದು ಇವರಿಗೆ ಗೊತ್ತು. ತೆಗೆಯಲೋ ಬೇಡವೋ ಎಂಬುದು ಪ್ರಶ್ನೆ.

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿದಾಗ ನನ್ನ ಕಣ್ಣಮುಂದೆ ಬಂದದ್ದು ಅಡಿಕೆ ಸುಲಿಯುವ ಅಂಗಳ. ಮೆಟ್ಟುಗತ್ತಿಯ ಮುಂದೆ ಕೂತವರ ಹೆಸರು, ಎದುರಿಗೆ ಎಷ್ಟು ಡಬ್ಬ ಎಂಬ ಗೀಟುಗಳು, ಮೂಲೆ ಮಡಿಸಿಹೋದ ಒಂದು ನೋಟ್‌ಬುಕ್. ಅದರಲ್ಲಿ ಹೆಸರಿದೆ ಅಂತ ಯಾರೂ ತಕರಾರು ಮಾಡಿದ್ದು ನಾನು ಕಂಡಿಲ್ಲ. ಸುಲಿದದ್ದೇ ಕೆಲಸ, ಸುಲಿದಷ್ಟೇ ಕೂಲಿ. ಒಂದು ಡಬ್ಬ ಕಮ್ಮಿ ಬರೆದರೆ ಅಲ್ಲೇ ಜಗಳ ಆಗುತ್ತದೆ, ಅಲ್ಲೇ ತಿದ್ದಿಯೂ ಆಗುತ್ತದೆ. ನಿಮ್ಮ ಕಾರ್ಯದರ್ಶಿಗಳ ತಲೆಯಲ್ಲಿರುವುದು ಈ ನೋಟ್‌ಬುಕ್ ಅಂತ ಕಾಣುತ್ತದೆ. ಆ ವರದಿ ಇಂಥ ನೋಟ್‌ಬುಕ್ ಅಲ್ಲವೇ ಅಲ್ಲ.

ಅದು ಎಣಿಸುವುದೇನು? ಕಳೆದ 7, 30, 90 ಅಥವಾ 180 ದಿನಗಳಲ್ಲಿ ಒಬ್ಬರು ಎಷ್ಟು ಮೇಲ್ ಕಳಿಸಿದರು, ಎಷ್ಟು ಓದಿದರು, ಟೀಮ್ಸ್‌ನಲ್ಲಿ ಎಷ್ಟು ಮೀಟಿಂಗಿಗೆ ಕೂತರು, ಇಂಟರ್ನೆಟ್‌ನಲ್ಲಿ ಫೈಲ್ ಇಡುವ ಒನ್‌ಡ್ರೈವ್‌ನಲ್ಲಿ ಎಷ್ಟು ಫೈಲ್ ತೆರೆದರು. ಮೇಲ್ ಒಳಗೆ ಏನಿತ್ತು ಅಂತ ಅದು ಹೇಳುವುದಿಲ್ಲ, ಅಷ್ಟು ಸಮಾಧಾನ. ಆದರೆ ಗೋದಾಮಿನಲ್ಲಿ ದಿನವಿಡೀ ಅಡಿಕೆಯನ್ನು ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ವಿಂಗಡಿಸಿ ದರ್ಜೆ ನೋಡುವವರು ತಿಂಗಳಿಗೆ ಎರಡು ಮೇಲ್ ಕಳಿಸಿದರೆ ಹೆಚ್ಚು. ವರದಿ ನೋಡಿದರೆ ಅವರೇ ಮಹಾ ಸೋಮಾರಿ. ಆಷಾಢದ ಮಳೆಗೆ ನೆಟ್‌ವರ್ಕ್ ಸತ್ತಾಗ ಲ್ಯಾಪ್‌ಟಾಪಿನಲ್ಲೇ ಸೇವ್ ಮಾಡಿಕೊಂಡು ಮುಗಿಸಿದ ಫೈಲ್ ಒನ್‌ಡ್ರೈವ್ ಲೆಕ್ಕಕ್ಕೆ ಸೇರುವುದಿಲ್ಲ.

ನಮ್ಮ ಕಚೇರಿಯ ಮರ್ಯಾದೆ ನಾನೇ ತೆಗೆಯುತ್ತೇನೆ. ಒಮ್ಮೆ ನಾವೂ ಹೆಸರು ತೆರೆದು ನೋಡಿದ್ದೆವು. ಒನ್‌ಡ್ರೈವ್ ಪಟ್ಟಿಯ ತಳದಲ್ಲಿ, ಸೊನ್ನೆಯ ಎದುರು, ನಮ್ಮ ಕರಡು ತಿದ್ದುವ ಹಿರಿಯರು! ಅವರು ಪುಟ ಪುಟವೂ ಪ್ರಿಂಟ್ ತೆಗೆಸಿಕೊಂಡು ಕೆಂಪು ಪೆನ್ನಿನಲ್ಲಿ ತಿದ್ದುವವರು. ಆ ಸಂಚಿಕೆಯ ನನ್ನ ಲೇಖನದಲ್ಲೇ ಹನ್ನೊಂದು ತಪ್ಪು ಹಿಡಿದಿದ್ದರು. ಪಟ್ಟಿಯ ಸುದ್ದಿ ಹೇಗೋ ಅವರ ಕಿವಿಗೆ ಬಿತ್ತು. ಎರಡು ವಾರ ನನ್ನ ಹತ್ತಿರ ಕೆಲಸದ ಮಾತಿಗಿಂತ ಒಂದಕ್ಷರ ಹೆಚ್ಚು ಆಡಲಿಲ್ಲ.

ಹೆಸರು ಮುಚ್ಚಿಟ್ಟದ್ದು ನಿಮ್ಮ ತಪ್ಪಲ್ಲ, ಯಾರದೋ ಕಿತಾಪತಿಯೂ ಅಲ್ಲ. 2020ರ ಕೊನೆಗೆ ಮೈಕ್ರೋಸಾಫ್ಟಿನದೇ ಇನ್ನೊಂದು ಬಳಕೆಯ ಲೆಕ್ಕವಾದ 'ಪ್ರೊಡಕ್ಟಿವಿಟಿ ಸ್ಕೋರ್' ಉದ್ಯೋಗಿಗಳ ಮೇಲಿನ ಕಣ್ಗಾವಲು ಎಂದು ಟೀಕೆ ಎದ್ದು, ಆ ಡಿಸೆಂಬರ್ 1ರಂದು ಅದರಿಂದ ಹೆಸರುಗಳನ್ನು ತೆಗೆಯುವುದಾಗಿ ಕಂಪನಿ ಹೇಳಿತು. 2021ರ ಸೆಪ್ಟೆಂಬರ್ 1ರಿಂದ ಬಳಕೆಯ ವರದಿಗಳಲ್ಲೂ ಹೆಸರು ಮುಚ್ಚಿರುವುದೇ ಮಾಮೂಲು ಸ್ಥಿತಿ. ಬದಲಿಸಲು ಇಡೀ ವ್ಯವಸ್ಥೆಯ ಹಿಡಿತವಿರುವ ಗ್ಲೋಬಲ್ ಅಡ್ಮಿನ್ ಅಧಿಕಾರ ಬೇಕು: ಸೆಟ್ಟಿಂಗ್ಸ್, ಆರ್ಗ್ ಸೆಟ್ಟಿಂಗ್ಸ್, ಸರ್ವೀಸಸ್, ಅದರೊಳಗೆ ರಿಪೋರ್ಟ್ಸ್. ಅಲ್ಲಿನ ಟಿಕ್ ಇಡೀ ಸಂಸ್ಥೆಗೆ ಒಂದೇ. ಲೆಕ್ಕಪತ್ರ ವಿಭಾಗಕ್ಕೆ ತೆರೆದು ಗೋದಾಮಿಗೆ ಮುಚ್ಚಿಡುತ್ತೇನೆ ಅಂದರೆ ಆಗುವುದಿಲ್ಲ.

ಕಾನೂನು ತೋರಿಸಿ ಕಾರ್ಯದರ್ಶಿಗಳನ್ನು ಹೆದರಿಸುವ ಆಸೆ ನಿಮ್ಮ ಪತ್ರದಲ್ಲಿ ಇಣುಕುತ್ತಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ್ದು ನಿಜ. ಆ ಅರ್ಜಿ ಹಾಕಿದ್ದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದು ನಮಗೆಲ್ಲ ಹೆಮ್ಮೆ. ಆದರೆ 2023ರ ವೈಯಕ್ತಿಕ ದತ್ತಾಂಶ ಕಾಯ್ದೆಯ 7ನೇ ಸೆಕ್ಷನ್ ಉದ್ಯೋಗದ ಉದ್ದೇಶಗಳಿಗೆ, ಒಪ್ಪಿಗೆ ಕೇಳದೆಯೂ ಮಾಹಿತಿ ಬಳಸಲು ಮಾಲೀಕರಿಗೆ ಬಾಗಿಲು ತೆರೆದಿಟ್ಟಿದೆ. ವಾದಕ್ಕೆ ಇಳಿದರೆ ನೀವೇ ಸೋಲಬಹುದು. ಮಾತು ಬಳಸದ ಲೈಸೆನ್ಸಿಗೆ ಹೋಗುವ ದುಡ್ಡಿನ ಕಡೆಗೆ ತಿರುಗಲಿ. ಅಲ್ಲಿ ಕಾರ್ಯದರ್ಶಿಗಳ ಮಾತಿನಲ್ಲೂ ಹುರುಳಿದೆ.

ಸೋಮವಾರ ಅವರ ಟೇಬಲ್ ಮೇಲೆ ಒಟ್ಟು ಲೆಕ್ಕ ಇಡಿ: 90 ದಿನಗಳಲ್ಲಿ 40ರಲ್ಲಿ ಎಷ್ಟು ಖಾತೆ ಬಳಕೆಯಲ್ಲಿವೆ, ಎಷ್ಟು ಸುಮ್ಮನೆ ಬಿದ್ದಿವೆ. ಇದಕ್ಕೆ ಯಾರ ಹೆಸರೂ ಬೇಡ. ಪದೇ ಪದೇ ನಿಮ್ಮನ್ನು ಕರೆಯುತ್ತಾರೆ ಅಂತಾದರೆ 'ಯೂಸೇಜ್ ಸಮ್ಮರಿ ರಿಪೋರ್ಟ್ಸ್ ರೀಡರ್' ಎಂಬ ಪಾತ್ರ ಅವರಿಗೇ ಕೊಟ್ಟುಬಿಡಿ. ಅದರಲ್ಲಿ ಮೊತ್ತ ಮಾತ್ರ ಕಾಣುತ್ತದೆ, ಆಳು ಕಾಣುವುದಿಲ್ಲ. ಆಮೇಲೆ ನೋಟಿಸ್ ಬೋರ್ಡಿಗೆ ಒಂದು ಚೀಟಿ ಹಾಕಿ: ಲೈಸೆನ್ಸ್ ಬೇಡದವರು ಹದಿನೈದು ದಿನದೊಳಗೆ ತಿಳಿಸಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಉಳಿದದ್ದಕ್ಕೆ ಹೆಸರು ಬೇಕೇ ಬೇಕಾದರೆ, ಇಂಥ ದಿನ ತೆರೆಯುತ್ತೇವೆ, ಇದಕ್ಕಾಗಿ ತೆರೆಯುತ್ತೇವೆ ಅಂತ ಎಲ್ಲರಿಗೂ ಹೇಳಿಯೇ ತೆರೆಯಿರಿ. ಸೊನ್ನೆ ಇರುವ ಖಾತೆಗಳನ್ನಷ್ಟೇ ಬರೆದುಕೊಂಡು ಟಿಕ್ ಮತ್ತೆ ಹಾಕಿ. ಎಕ್ಸೆಲ್‌ಗೆ ಇಳಿಸಿಕೊಳ್ಳಬೇಡಿ. ಇಳಿಸಿದ ಫೈಲಿನಲ್ಲಿ ಹೆಸರು ಹಾಗೇ ಉಳಿಯುತ್ತದೆ, ವಾಟ್ಸ್ಆ್ಯಪಿನಲ್ಲಿ ಊರೂ ಸುತ್ತುತ್ತದೆ.

ಇನ್ನೊಂದು ನಿಮಗೆ ಹೊಳೆದಿರಲಿಕ್ಕಿಲ್ಲ. 40 ಜನರ ಕಚೇರಿಯಲ್ಲಿ ಮುಚ್ಚಿದ ಹೆಸರೂ ಪೂರ್ತಿ ಮುಚ್ಚಿದ್ದಲ್ಲ. ಕೊನೆಯ ಬಳಕೆಯ ದಿನಾಂಕ ಮೂರು ತಿಂಗಳ ಹಿಂದೆ ನಿಂತಿದ್ದರೆ ಅದು ಹೆರಿಗೆ ರಜೆಯಲ್ಲಿರುವವರದೇ ಅಂತ ಕ್ಯಾಂಟೀನಿನ ಹುಡುಗನೂ ಹೇಳಬಲ್ಲ. ಹಾಗಾಗಿ ಒಬ್ಬೊಬ್ಬರದು ಒಂದೊಂದು ಸಾಲಾಗಿರುವ ಆ ಪಟ್ಟಿಯನ್ನೇ ಟೇಬಲ್ ಮೇಲಿಡಬೇಡಿ.

ಇಷ್ಟೆಲ್ಲ ಹೇಳಿದ ಮೇಲೂ "ತೆಗೀರಿ ಟಿಕ್" ಅಂದರೆ ಬರಹದಲ್ಲಿ ಆದೇಶ ಕೇಳಿ. ಈ ಸೆಟ್ಟಿಂಗ್ ಬದಲಿಸಿದ್ದು ಆಡಿಟ್ ಲಾಗಿನಲ್ಲಿ ದಾಖಲಾಗುತ್ತದೆ, ಬದಲಿಸಿದವರ ಹೆಸರಿನ ಜೊತೆಗೆ. ಅಲ್ಲಿರುವುದು ನಿಮ್ಮ ಹೆಸರು, ಕಾರ್ಯದರ್ಶಿಗಳದ್ದಲ್ಲ.